18 ಗಂಟೆಗೆ ಒಂದು ವರ್ಷ: 55 ಕ್ಯಾಂಕ್ರಿ ಇ ಗ್ರಹದ ಹಿನ್ನೆಲೆ

ಕರ್ಕಾಟಕ ರಾಶಿಯಲ್ಲಿ 55 ಕ್ಯಾಂಕ್ರಿ ಅಂತ ಒಂದು ಜೋಡಿ ನಕ್ಷತ್ರ ಇದೆ. ನಮ್ಮಿಂದ ಸುಮಾರು 41 ಜ್ಯೋತಿರ್ವರ್ಷ ದೂರ. ದೊಡ್ಡದು ಹೆಚ್ಚುಕಡಿಮೆ ನಮ್ಮ ಸೂರ್ಯನ ಹಾಗೇ. ಚಿಕ್ಕದು ಕೆಂಪು ಕುಬ್ಜ, ಅಂದರೆ ಮಂಕಾದ ಪುಟ್ಟ ನಕ್ಷತ್ರ, ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ಸಾವಿರ ಪಟ್ಟು ಆಚೆಗಿದೆ. ದೊಡ್ಡದರ ಸುತ್ತ ಐದು ಗ್ರಹಗಳು ಗೊತ್ತಾಗಿವೆ. ಎಲ್ಲಕ್ಕಿಂತ ಒಳಗಿನದೇ 55 ಕ್ಯಾಂಕ್ರಿ ಇ. 2015ರಲ್ಲಿ ಅದಕ್ಕೆ ಜಾನ್ಸೆನ್ ಅಂತ ಹೆಸರೂ ಇಟ್ಟರು.

ಈ ಗ್ರಹ ಸಿಕ್ಕಿದ್ದು 2004ರಲ್ಲಿ. ಗ್ರಹ ಎಳೆದಾಗ ನಕ್ಷತ್ರ ಚೂರು ಅಲುಗುತ್ತದೆ, ಆ ಅಲುಗಾಟ ನೋಡಿ ಲೆಕ್ಕ ಹಾಕಿದರು. 2.8 ದಿನಕ್ಕೆ ಒಂದು ಸುತ್ತು ಅಂತ ಬಂತು. ತೂಕದಲ್ಲಿ ನೆಪ್ಚೂನಿನ ಹತ್ತಿರಹತ್ತಿರ ಇರಬೇಕು ಅಂದುಕೊಂಡರು. ಆರು ವರ್ಷ ಎಲ್ಲರೂ ಇದನ್ನೇ ನಂಬಿದ್ದರು.

2010ರಲ್ಲಿ ಖಗೋಳವಿಜ್ಞಾನಿಗಳಾದ ರೆಬೆಕಾ ಡಾಸನ್ ಮತ್ತು ಡೇನಿಯಲ್ ಫ್ಯಾಬ್ರಿಕಿ ಹಳೇ ಅಂಕಿಗಳನ್ನೇ ಮತ್ತೆ ಕೂತು ನೋಡಿದರು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ನೆಲದ ಮೇಲಿನ ಟೆಲಿಸ್ಕೋಪ್ ರಾತ್ರಿ ಮಾತ್ರ ನೋಡುತ್ತದೆ, ಅಲ್ವಾ? ಗ್ರಹ ಒಂದು ದಿನದಲ್ಲಿ ಒಂದು ಪೂರ್ತಿ ಸುತ್ತು ಹಾಕಿ, ಮೇಲೆ ಇನ್ನೊಂದು ಸುತ್ತಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೋಗಿರುತ್ತದೆ ಅಂತಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ ನೋಡಿದವರಿಗೆ ಆ ಮೇಲಿನ ಚೂರು ಮಾತ್ರ ಕಾಣುತ್ತದೆ, ಪೂರ್ತಿ ಸುತ್ತು ಲೆಕ್ಕಕ್ಕೇ ಸಿಗುವುದಿಲ್ಲ. ಆ ಚೂರನ್ನೇ ಹಿಡಿದು ಲೆಕ್ಕ ಹಾಕಿದ್ದಕ್ಕೇ 2.8 ದಿನ ಬಂದಿದ್ದು. ನಿಜವಾದ ಅವಧಿ ಸುಮಾರು 18 ಗಂಟೆ.

ಇದರಿಂದ ಎಲ್ಲವೂ ಬದಲಾಯಿತು. ಗ್ರಹ ನಕ್ಷತ್ರಕ್ಕೆ ಇನ್ನೂ ಹತ್ತಿರ, ಬರೀ 23 ಲಕ್ಷ ಕಿಲೋಮೀಟರ್. ತೂಕ ಭೂಮಿಯ ಎಂಟು ಪಟ್ಟಿನ ಆಸುಪಾಸಿಗೆ ಇಳಿಯಿತು. ಅಷ್ಟು ಹತ್ತಿರ ಇದ್ದರೆ ನಕ್ಷತ್ರದ ಮುಂದೆ ಹಾದುಹೋಗುವ ಸಾಧ್ಯತೆಯೂ ಜಾಸ್ತಿ. 2011ರಲ್ಲಿ ಕೆನಡಾದ ಮೋಸ್ಟ್ ಮತ್ತು ನಾಸಾದ ಸ್ಪಿಟ್ಜರ್ ಅನ್ನುವ ಬಾಹ್ಯಾಕಾಶ ಟೆಲಿಸ್ಕೋಪ್‌ಗಳೆರಡೂ ಅದನ್ನು ಹಿಡಿದವು. ನಕ್ಷತ್ರದ ಬೆಳಕಿನಲ್ಲಿ ಹತ್ತು ಸಾವಿರಕ್ಕೆ ಸುಮಾರು 4 ಪಾಲು ಕಡಿಮೆಯಾಗಿತ್ತು, ಅಷ್ಟೇ. ಅದರಿಂದಲೇ ಗ್ರಹದ ಅಗಲ ಭೂಮಿಯ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ ಅಂತ ಗೊತ್ತಾಯಿತು.

2012ರಲ್ಲಿ 'ವಜ್ರದ ಗ್ರಹ' ಅನ್ನುವ ಸುದ್ದಿ ಹಬ್ಬಿತು. ನಕ್ಷತ್ರದಲ್ಲಿ ಆಮ್ಲಜನಕಕ್ಕಿಂತ ಇಂಗಾಲ ಜಾಸ್ತಿ ಅನ್ನುವ ಅಳತೆ ಅದಕ್ಕೆ ಆಧಾರ. ಹಾಗಿದ್ದರೆ ಗ್ರಹದಲ್ಲೂ ಇಂಗಾಲ ಜಾಸ್ತಿ ಇದ್ದು, ಒಳಗಿನ ಒತ್ತಡಕ್ಕೆ ವಜ್ರವಾಗಿರಬಹುದು ಅಂದುಕೊಂಡರು. ಮರುವರ್ಷವೇ ಇನ್ನೊಂದು ಅಳತೆ ಆಮ್ಲಜನಕವೇ ಜಾಸ್ತಿ ಅಂತ ತೋರಿಸಿತು. ಆದರೂ ವಜ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಈ ಗ್ರಹದ ನಿಜವಾದ ಸಂಗತಿಗಳು ಅದಕ್ಕಿಂತ ಎಷ್ಟೋ ಚೆನ್ನಾಗಿವೆ, ಅವು ಯಾರಿಗೂ ತಲುಪಲಿಲ್ಲ ಅನ್ನುವುದೇ ಬೇಜಾರು.

ಉದಾಹರಣೆಗೆ ಅದರ ಬಿಸಿ. ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಮುಂಚೆ ಎರಡರ ಬೆಳಕೂ ಸೇರಿ ಬರುತ್ತದೆ, ಮರೆಯಾದಾಗ ನಕ್ಷತ್ರದ್ದು ಮಾತ್ರ. ಕಳೆದರೆ ಗ್ರಹದ ಪಾಲು ಸಿಗುತ್ತದೆ. ಕಲ್ಲೆಲ್ಲ ಕರಗಿ, ಮೇಲೆ ಗಾಳಿಯೇ ಇಲ್ಲದಿದ್ದರೆ ಹಗಲಿನ ಕಡೆ ಸುಮಾರು 2,200 ಡಿಗ್ರಿ ಸೆಲ್ಸಿಯಸ್ ಇರಬೇಕಿತ್ತು. 2024ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಅಳತೆಯಲ್ಲಿ ಸಿಕ್ಕಿದ್ದು ಸುಮಾರು 1,540. ಅಂದರೆ ಏನೋ ಒಂದು ಶಾಖವನ್ನು ರಾತ್ರಿಯ ಕಡೆಗೆ ಸಾಗಿಸುತ್ತಿದೆ. ಇಂಗಾಲದ ಮಾನಾಕ್ಸೈಡ್ ಅಥವಾ ಡೈಆಕ್ಸೈಡ್ ತುಂಬಿದ ವಾತಾವರಣ ಇರಬಹುದು ಅನ್ನುವುದು ಸಂಶೋಧಕರ ಅಂದಾಜು. ಇಷ್ಟು ಹತ್ತಿರದ ನಕ್ಷತ್ರ ಆ ಗಾಳಿಯನ್ನು ಯಾವತ್ತೋ ಕಿತ್ತುಹಾಕಬೇಕಿತ್ತು. ಕೆಳಗಿನ ಕರಗಿದ ಕಲ್ಲಿನ ಕಡಲಿನಿಂದ ಅನಿಲ ಗುಳುಗುಳು ಅಂತ ಮೇಲೆ ಬರುತ್ತಲೇ ಇರುವುದರಿಂದ ಅದು ಮತ್ತೆ ಮತ್ತೆ ತುಂಬಿಕೊಳ್ಳುತ್ತಿದೆ ಅಂತ ಅವರು ಹೇಳುತ್ತಾರೆ.