ಎಡಿಟ್ ಮಾಡದ ಫೋಟೋ ಅನ್ನುವುದು ಎಲ್ಲಿಂದ ಬಂತು?

ಹಕ್ಕಿಯದೋ ಹುಲಿಯದೋ ಒಂದು ಒಳ್ಳೆ ಫೋಟೋ ತೋರಿಸಿದರೆ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿ ಎರಡು ಪ್ರಶ್ನೆ ಬಂದೇ ಬರುತ್ತವೆ. ‘ಯಾವ ಲೆನ್ಸ್ ಸರ್?’ ಅನ್ನುವುದು ಒಂದು. ‘ಎಡಿಟ್ ಮಾಡಿದ್ದೀರಾ?’ ಅನ್ನುವುದು ಇನ್ನೊಂದು. ಮೊದಲನೆಯದನ್ನು ಆಸೆಯಿಂದ ಕೇಳುತ್ತಾರೆ, ಎರಡನೆಯದನ್ನು ಅನುಮಾನದಿಂದ. ಲಕ್ಷಗಟ್ಟಲೆ ಸುರಿದು ಲೆನ್ಸ್ ತಂದವರನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂತವರು ಮಾತ್ರ ಸಮಜಾಯಿಷಿ ಕೊಡಬೇಕು.

ಈ ಭೇದ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋಗಿ ನೋಡಿದರೆ ಸ್ವಾರಸ್ಯದ ಒಂದು ಸಂಗತಿ ಕಾಣುತ್ತದೆ. ಗೇರ್ (ಅಂದರೆ ಕ್ಯಾಮರಾ, ಲೆನ್ಸ್ ಥರದ ಸಲಕರಣೆ) ಮತ್ತು ಎಡಿಟಿಂಗ್ ಯಾವತ್ತೂ ಬೇರೆ ಬೇರೆ ಇರಲಿಲ್ಲ. ಒಂದು ಕಾಲದವರು ಕೈಯಿಂದ ಮಾಡಿಕೊಂಡದ್ದನ್ನು ಇನ್ನೊಂದು ಕಾಲದವರು ಅಂಗಡಿಯಿಂದ ಕೊಂಡು ತಂದಿದ್ದಾರೆ. ಕೊಂಡು ತಂದಾಗ ಅದಕ್ಕೆ ‘ಒರಿಜಿನಲ್’ ಅನ್ನುವ ಹೆಸರು ಬಂದಿದೆ.

ಶುರುವಿನ ದಿನಗಳಲ್ಲಿ ಕೈಚಳಕ ಇಲ್ಲದೆ ಫೋಟೋನೇ ಇರಲಿಲ್ಲ. 1850ರ ದಶಕದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಪೂರ್ತಿ ಬಿಳಿಚಿಕೊಳ್ಳುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ಎಂದು ಎರಡು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸಿದ. 1857ರಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ. 2020ರಲ್ಲಿ ಫೋಟೋಶಾಪ್‌ಗೆ ಆಕಾಶ ಬದಲಿಸುವ ಸೌಲಭ್ಯ ಬಂದಾಗ ಎಷ್ಟೊಂದು ಹವ್ಯಾಸಿಗಳು ತಲೆ ಚಚ್ಚಿಕೊಂಡರು! ಆ ಕೆಲಸಕ್ಕೆ ಅಷ್ಟು ಹೊತ್ತಿಗೆ ನೂರಅರವತ್ತು ವರ್ಷ ದಾಟಿತ್ತು.

1888ರಲ್ಲಿ ಕೊಡಕ್ ಕ್ಯಾಮರಾ ಬಂತು. ನೂರು ಚಿತ್ರಗಳ ರೋಲ್ ಒಳಗೇ ತುಂಬಿಸಿ, 25 ಡಾಲರ್‌ಗೆ ಮಾರುತ್ತಿದ್ದರು. ಮುಗಿದ ಮೇಲೆ ಕ್ಯಾಮರಾವನ್ನೇ ಕಂಪನಿಗೆ ಕಳಿಸಬೇಕು. ‘ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ’ ಅನ್ನುವುದು ಅವರ ಜಾಹೀರಾತಿನ ಮಾತು. ಇವತ್ತಿನ ಜಗಳದ ಬೀಜ ಆ ‘ಉಳಿದದ್ದು’ ಅನ್ನುವ ಪದದಲ್ಲೇ ಇದೆ ಅನ್ನಿಸುತ್ತದೆ. ಫೋಟೋ ತೆಗೆಯುವವನಿಗೂ ಫೋಟೋ ತಯಾರಿಸುವವನಿಗೂ ನಡುವೆ ಅಲ್ಲಿ ಗೋಡೆ ಎದ್ದಿತು. ಗೋಡೆಯ ಆಚೆ ನಡೆಯುವುದು ಗುಂಡಿ ಒತ್ತಿದವನ ಕಣ್ಣಿಗೆ ಬೀಳದಂತಾಯಿತು.

ಆಮೇಲೆ 1932ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು ‘ಗ್ರೂಪ್ ಎಫ್/64’ ಕಟ್ಟಿದರು. ಮಬ್ಬು ಮಬ್ಬಾದ, ಪೇಂಟಿಂಗ್ ಥರದ ಫೋಟೋ ಬೇಡ, ಕಂಡದ್ದು ಕಂಡ ಹಾಗೆ ಚೂಪಾಗಿ ಇರಲಿ ಅನ್ನುವುದು ಅವರ ಹಟ. ಎಡಿಟಿಂಗ್ ವಿರುದ್ಧ ಮಾತಾಡುವವರು ಇವತ್ತಿಗೂ ಆಡಮ್ಸ್ ಹೆಸರು ಹೇಳುತ್ತಾರೆ. ಆದರೆ ಆಡಮ್ಸ್ ಫೋಟೋ ತೊಳೆದು ಪ್ರಿಂಟ್ ಹಾಕುವ ಕತ್ತಲೆ ಕೋಣೆಯಲ್ಲಿ ಕಳೆದ ಹೊತ್ತನ್ನು ಮರೆಯುತ್ತಾರೆ. ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಮೂಡಿದ ಹೆಸರಾಂತ ಚಿತ್ರವನ್ನು ಆತ ತೆಗೆದದ್ದು 1941ರಲ್ಲಿ. 1948ರಲ್ಲಿ ನೆಗೆಟಿವ್‌ನ ಕೆಳಭಾಗಕ್ಕೆ ರಾಸಾಯನಿಕ ಹಾಕಿ ಬಲ ತುಂಬಿದ. ಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡಗಳಿವೆ. ವರ್ಷ ಕಳೆದಂತೆ ಅದೇ ಆಕಾಶ ಕಪ್ಪಾಗುತ್ತಾ ಹೋಯಿತು. ಆಡಮ್ಸ್ ಪಿಯಾನೋ ಕಲಿತವನು. ನೆಗೆಟಿವ್ ಅಂದರೆ ಸ್ವರಲಿಪಿ, ಪ್ರಿಂಟ್ ಅಂದರೆ ಅದನ್ನು ನುಡಿಸಿದ ಹಾಗೆ ಅಂತ ಹೇಳುತ್ತಿದ್ದ.

ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಬಹಳ ಕಾಲ ಗೇರ್ ಆಯ್ಕೆ ಅನ್ನುವ ಪ್ರಶ್ನೆಯೇ ಇರಲಿಲ್ಲ. ಹೊರದೇಶದ ಕ್ಯಾಮರಾ ಆಮದಿಗೆ ಬಿಗಿ ಕಟ್ಟುಪಾಡು ಇತ್ತು. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಷ್ಟೋ ಮನೆಗಳ ಮೊದಲ ಕ್ಯಾಮರಾ. ಒಂದು ರೋಲಿಗೆ ಹನ್ನೆರಡೇ ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲಂ ಸಿಗುತ್ತಿತ್ತು. ಒಳ್ಳೆ ಕ್ಯಾಮರಾ ಬೇಕೆಂದರೆ ವಿದೇಶದಲ್ಲಿರುವ ನೆಂಟರು ಊರಿಗೆ ಬರುವ ತನಕ ಕಾಯಬೇಕು. ಸಿಕ್ಕಿದ್ದನ್ನು ಹತ್ತು ಹದಿನೈದು ವರ್ಷ ಬಾಳಿಸಬೇಕು.

ಇಷ್ಟು ಇಕ್ಕಟ್ಟಿನಲ್ಲೂ ಹವ್ಯಾಸ ಗಟ್ಟಿಯಾಗಿ ಬೆಳೆಯಿತು. 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಶುರುವಾಯಿತು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಬೆಂಗಳೂರನ್ನು ವನ್ಯಜೀವಿ ಛಾಯಾಗ್ರಹಣದ ದೊಡ್ಡ ಊರು ಮಾಡಿದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಪ್ಪು ಬಿಳುಪಿನಲ್ಲೇ ಕಾಡನ್ನು ಹಿಡಿದು ಹೆಸರು ಮಾಡಿದರು.

ಕಪ್ಪು ಬಿಳುಪಿನ ಹವ್ಯಾಸಿ ಅಂದರೆ ಅರ್ಧ ಕೆಲಸ ಕತ್ತಲೆ ಕೋಣೆಯಲ್ಲಿ. ಎಷ್ಟೋ ಮನೆಗಳಲ್ಲಿ ಅದು ರಾತ್ರಿ ಹೊತ್ತಿನ ಬಚ್ಚಲು ಮನೆ. ಕಿಟಕಿಗೆ ಕಪ್ಪು ಬಟ್ಟೆ, ಮೇಲೊಂದು ಕೆಂಪು ಬಲ್ಬು, ಡೆವಲಪರ್ ತಟ್ಟೆ, ಹೈಪೋ ತಟ್ಟೆ, ನೆಗೆಟಿವ್ ಅನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಒಂದು ಎನ್‌ಲಾರ್ಜರ್. ಕಾಗದದ ಮೇಲೆ ಬೆಳಕು ಬೀಳುವ ಆ ಕೆಲವು ಸೆಕೆಂಡುಗಳಲ್ಲೇ ಎಲ್ಲ ನಡೆಯಬೇಕು. ತಂತಿಯ ತುದಿಗೆ ಅಂಟಿಸಿದ ರಟ್ಟಿನ ಚೂರನ್ನು ಮುಖದ ಮೇಲೆ ಆಡಿಸಿದರೆ ಆ ಭಾಗ ತಿಳಿಯಾಗುತ್ತದೆ. ರಟ್ಟಿಗೆ ತೂತು ಮಾಡಿ ಆ ತೂತಿನಿಂದ ಆಕಾಶಕ್ಕೆ ಮಾತ್ರ ಜಾಸ್ತಿ ಬೆಳಕು ಬಿಟ್ಟರೆ ಮೋಡ ಗಾಢವಾಗುತ್ತದೆ. ಕೈ ಒಂದು ಕ್ಷಣ ನಿಂತರೂ ರಟ್ಟಿನ ಅಂಚು ಪ್ರಿಂಟಿನಲ್ಲಿ ಗೆರೆಯಾಗಿ ಕೂರುತ್ತದೆ. ಒಣಗಿದ ಮೇಲೆ ಸಣ್ಣ ಕುಂಚದಿಂದ ಧೂಳಿನ ಚುಕ್ಕಿಗಳನ್ನು ಮುಚ್ಚಬೇಕು. ಊರಿನ ಸ್ಟುಡಿಯೋಗಳಲ್ಲಂತೂ ನೆಗೆಟಿವ್ ಮೇಲೆಯೇ ಪೆನ್ಸಿಲ್ ಆಡಿಸಿ ಮದುಮಗಳ ಕೆನ್ನೆಯ ಕಲೆ ತೆಗೆಯುತ್ತಿದ್ದರು. ಇದನ್ನು ಯಾರೂ ಮೋಸ ಅನ್ನಲಿಲ್ಲ. ಚೆನ್ನಾಗಿ ಪ್ರಿಂಟ್ ಮಾಡಲು ಬರುವುದು ಛಾಯಾಗ್ರಾಹಕನ ಹೆಮ್ಮೆಯಾಗಿತ್ತು.

ಹಾಗಾದರೆ ‘ಮುಟ್ಟಬಾರದು’ ಅನ್ನುವ ಮಡಿ ಯಾವಾಗ ಬಂತು? ನನ್ನ ಪ್ರಕಾರ ಅದಕ್ಕೆ ಎರಡು ಕಾರಣ. ಎರಡೂ ಬಣ್ಣದ ಫಿಲಂ ಜೊತೆಗೆ ಬಂದವು.

ಒಂದು, ಸ್ಲೈಡ್ ಫಿಲಂ. ಸ್ಲೈಡ್‌ನಲ್ಲಿ ಪ್ರಿಂಟ್ ಎಂಬ ಎರಡನೇ ಹಂತವೇ ಇಲ್ಲ. ಕ್ಯಾಮರಾದೊಳಗೆ ಬೆಳಕು ಬಿದ್ದ ಅದೇ ತುಂಡು ಪ್ರೊಜೆಕ್ಟರ್‌ಗೆ ಹೋಗುತ್ತದೆ. ಬೆಳಕಿನ ಲೆಕ್ಕ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ) ತಪ್ಪಿದರೂ ಕೆಟ್ಟಿತು. ಆಮೇಲೆ ತಿದ್ದುವಂತಿಲ್ಲ, ಕ್ರಾಪ್ ಮಾಡುವುದೂ ಕಷ್ಟ. ಸ್ಲೈಡ್‌ನಲ್ಲಿ ಪಳಗಿದವರಿಗೆ ಕ್ಯಾಮರಾದಲ್ಲೇ ಎಲ್ಲವನ್ನೂ ಸರಿ ಮಾಡುವ ಶಿಸ್ತು ರಕ್ತಗತವಾಯಿತು. ಅದು ನಿಜಕ್ಕೂ ದೊಡ್ಡ ಶಿಸ್ತು. ಆ ತಲೆಮಾರಿನವರ ಬಗ್ಗೆ ನನಗೆ ತುಂಬ ಗೌರವ. ಆದರೆ ಆ ಶಿಸ್ತು ಹುಟ್ಟಿದ್ದು ಆ ಫಿಲಂನ ಸ್ವಭಾವದಿಂದ. ಅದನ್ನೇ ಛಾಯಾಗ್ರಹಣದ ಧರ್ಮ ಅಂತ ಮುಂದಿನವರು ತಿಳಿದರು.

ಇನ್ನೂ ಒಂದು ಮಾತು. ಸ್ಲೈಡ್ ಫಿಲಂ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿರಲಿಲ್ಲ. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಹಸಿರನ್ನೂ ಕೆಂಪನ್ನೂ ಉಕ್ಕಿಸಿ ತೋರಿಸುತ್ತಿತ್ತು. ಪ್ರಕೃತಿ ಚಿತ್ರ ತೆಗೆಯುವವರು ಅದಕ್ಕೆ ಮುಗಿಬಿದ್ದಿದ್ದು ಅದಕ್ಕಾಗಿಯೇ. ಮಳೆಗಾಲದ ಮಲೆನಾಡನ್ನು ವೆಲ್ವಿಯಾದಲ್ಲಿ ತೆಗೆದವರು ಸ್ಯಾಚುರೇಶನ್ (ಬಣ್ಣದ ಗಾಢತೆ) ಎಷ್ಟಿರಬೇಕು ಅಂತ ಅಂಗಡಿಯಲ್ಲಿ ದುಡ್ಡು ಕೊಡುವಾಗಲೇ ತೀರ್ಮಾನ ಮಾಡಿದ್ದರು. ಇವತ್ತು ಅದೇ ಬಣ್ಣವನ್ನು ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಲೈಡರ್ ಎಳೆದು ತಂದರೆ ‘ಓವರ್ ಎಡಿಟ್’ ಅನ್ನುತ್ತೇವೆ.

ಎರಡನೆಯ ಕಾರಣ, ಕಲರ್ ಲ್ಯಾಬ್. ಬಣ್ಣದ ಫೋಟೋವನ್ನು ಬಚ್ಚಲಲ್ಲಿ ತೊಳೆಯುವುದು ಕಷ್ಟ. ಉಷ್ಣಾಂಶ ಒಂದಿಷ್ಟು ಏರುಪೇರಾದರೂ ಬಣ್ಣ ಕೆಡುತ್ತದೆ. ಹಾಗಾಗಿ ರೋಲ್ ಲ್ಯಾಬಿಗೆ ಹೋಯಿತು, ಲಕೋಟೆಯಲ್ಲಿ ಪ್ರಿಂಟುಗಳು ಬಂದವು. ಮಧ್ಯದಲ್ಲಿ ಏನಾಯಿತು ಅಂತ ಯಾರೂ ಕೇಳಲಿಲ್ಲ. ಆಗಿದ್ದು ಇಷ್ಟು: ಯಂತ್ರ ಪ್ರತಿ ನೆಗೆಟಿವ್ ಅನ್ನು ಅಳೆದು, ಎಲ್ಲವನ್ನೂ ಸರಾಸರಿ ಬೂದು ಬಣ್ಣದ ಲೆಕ್ಕಕ್ಕೆ ತರುತ್ತಿತ್ತು. ಆಪರೇಟರ್ ಪರದೆ ನೋಡಿಕೊಂಡು ಹಳದಿ, ಮೆಜೆಂಟಾ, ಸಯಾನ್, ಡೆನ್ಸಿಟಿ ಎಂಬ ಕೀಲಿಗಳನ್ನು ಒತ್ತಿ ಬಣ್ಣ ತಿದ್ದುತ್ತಿದ್ದ. ನಿಮ್ಮ ಮನೆಯ ಹಳೇ ಮದುವೆ ಆಲ್ಬಂ ಇದ್ದರೆ ತೆಗೆದು ನೋಡಿ. ಒಂದೇ ನೆಗೆಟಿವ್ ಅನ್ನು ಬೇರೆ ಬೇರೆ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದ್ದರೆ ಒಂದರಲ್ಲಿ ರೇಷ್ಮೆ ಸೀರೆ ಮರೂನ್, ಇನ್ನೊಂದರಲ್ಲಿ ಕೆಂಪು. ಅದರಲ್ಲಿ ಒರಿಜಿನಲ್ ಯಾವುದು? ಎರಡನ್ನೂ ತಿದ್ದಿದ್ದೇ. ತಿದ್ದಿದವರು ನಮಗೆ ಕಾಣಲಿಲ್ಲ, ಅಷ್ಟೇ ಅಲ್ವಾ?

ಈ ಎರಡು ಅಭ್ಯಾಸಗಳನ್ನು ಹೊತ್ತುಕೊಂಡೇ ನಾವು ಡಿಜಿಟಲ್‌ಗೆ ಬಂದೆವು. ಫೋಟೋಶಾಪ್ 1990ರಲ್ಲೇ ಬಂದಿತ್ತು. ಆದರೆ ಹವ್ಯಾಸಿಗಳ ಕೈಗೆ ಒಳ್ಳೆ ಡಿಜಿಟಲ್ ಕ್ಯಾಮರಾ ಸಿಕ್ಕಿದ್ದು 2003ರ ಕ್ಯಾನನ್ 300ಡಿ, 2004ರ ನಿಕಾನ್ ಡಿ70 ಬಂದ ಮೇಲೆ. 2007ರಲ್ಲಿ ಲೈಟ್‌ರೂಮ್ ಬಂತು. ಕತ್ತಲೆ ಕೋಣೆ ಮತ್ತೆ ಮನೆಗೆ ಬಂತು ಅನ್ನಬಹುದು. ಸ್ಲೈಡ್ ಮತ್ತು ಲ್ಯಾಬ್ ಕಾಲದಲ್ಲಿ ಬೆಳೆದವರಿಗೆ ಅದು ಹೊಸ ಕೆಟ್ಟ ಚಟದ ಹಾಗೆ ಕಂಡಿತು.

ಡಿಜಿಟಲ್‌ನಲ್ಲಿ ಮುಟ್ಟದ ಫೋಟೋ ಅನ್ನುವುದು ಇರುವುದಕ್ಕೆ ಸಾಧ್ಯವೇ ಇಲ್ಲ. ಫಿಲಂ ಬದಲು ಬೆಳಕು ಹಿಡಿಯುವ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಮೇಲೂ ಒಂದೇ ಬಣ್ಣದ ಗಾಜು. ಅರ್ಧದಷ್ಟಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. 1976ರಲ್ಲಿ ಕೊಡಕ್‌ನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ವಿನ್ಯಾಸ ಇದು. ಅಂದರೆ ಪ್ರತಿ ಪಿಕ್ಸೆಲ್‌ನಲ್ಲೂ ಮೂರು ಬಣ್ಣದಲ್ಲಿ ಒಂದನ್ನು ಮಾತ್ರ ಅಳೆದಿರುತ್ತದೆ, ಉಳಿದೆರಡನ್ನು ಅಕ್ಕಪಕ್ಕ ನೋಡಿ ಲೆಕ್ಕ ಹಾಕುತ್ತದೆ. ಆಮೇಲೆ ಕ್ಯಾಮರಾ ತಾನೇ ಕಾಂಟ್ರಾಸ್ಟ್ ಏರಿಸಿ, ಅಂಚುಗಳನ್ನು ಚೂಪು ಮಾಡಿ, ನಾಯ್ಸ್ (ಕಾಳು ಕಾಳಾಗಿ ಕಾಣುವ ಚುಕ್ಕಿಗಳು) ಒರೆಸಿ ಜೆಪೆಗ್ ಫೈಲ್ ಕೊಡುತ್ತದೆ. ‘ನಾನು ಜೆಪೆಗ್‌ನಲ್ಲೇ ತೆಗೆಯುತ್ತೇನೆ, ಎಡಿಟ್ ಮಾಡೋದಿಲ್ಲ’ ಅನ್ನುವವರ ಫೋಟೋವನ್ನು ಜಪಾನಿನ ಎಂಜಿನಿಯರ್‌ಗಳು ಮೊದಲೇ ಎಡಿಟ್ ಮಾಡಿರುತ್ತಾರೆ. ರಾ ಫೈಲ್, ಅಂದರೆ ಸೆನ್ಸರ್ ಅಳೆದದ್ದನ್ನು ತಿದ್ದದೆ ಇಟ್ಟ ಫೈಲ್, ತೆಗೆಯುವವರು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ.

ಇನ್ನು ಗೇರ್. ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಕಬಿನಿಯಲ್ಲಿ ಬೆಳಗಿನ ಸಫಾರಿ, ಮರದ ನೆರಳಲ್ಲಿ ಚಿರತೆ. ಐಎಸ್‌ಒ ಅಂದರೆ ಫಿಲಂ ಅಥವಾ ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ. ಎಫ್ ಸಂಖ್ಯೆ ಕಡಿಮೆ ಇದ್ದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಐಎಸ್‌ಒ 100 ಸ್ಲೈಡ್ ಹಾಕಿ, ಎಫ್ 5.6 ಲೆನ್ಸ್ ಹಿಡಿದರೆ ಶಟರ್ ತೆರೆದಿರುವ ಹೊತ್ತು 1/15 ಸೆಕೆಂಡ್ ಬರುತ್ತದೆ ಅಂದುಕೊಳ್ಳಿ. ಚಿರತೆ ಕಿವಿ ಅಲ್ಲಾಡಿಸಿದರೂ ಅಲುಗಿದ ಫೋಟೋ. ಎಫ್ 2.8 ಲೆನ್ಸ್ ಇದ್ದರೆ ನಾಲ್ಕು ಪಟ್ಟು ಬೆಳಕು, 1/60. ಆ ಕಾಲದಲ್ಲಿ ದೊಡ್ಡ ಲೆನ್ಸಿಗೆ ಆಸೆಪಟ್ಟದ್ದು ಬರೀ ಶೋಕಿಗಲ್ಲ. ಅದಿಲ್ಲದೆ ಚಿತ್ರವೇ ಇಲ್ಲ. ಇವತ್ತು ಐಎಸ್‌ಒ 6400 ಇಟ್ಟರೆ 64 ಪಟ್ಟು ಚುರುಕು. ಅದೇ ಸಾಧಾರಣ ಎಫ್ 5.6 ಲೆನ್ಸಿನಲ್ಲಿ 1/1000ಕ್ಕೆ ಹತ್ತಿರ ಸಿಗುತ್ತದೆ.

ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150–600, ನಿಕಾನ್‌ನ 200–500 ಲೆನ್ಸುಗಳು 2014–15ರ ಹೊತ್ತಿಗೆ ಬಂದಾಗ ನಮ್ಮ ಪಕ್ಷಿ ಛಾಯಾಗ್ರಹಣದ ಬಾಗಿಲು ತೆರೆದದ್ದು ಇದೇ ಕಾರಣಕ್ಕೆ. ಸಂಬಳದವರು, ಶಾಲಾ ಮೇಷ್ಟ್ರು, ಕಾಲೇಜು ಹುಡುಗರು ರಂಗನತಿಟ್ಟಿಗೆ ಬಂದರು. ಬೆಳಕು ಸಾಲದ ಕಡೆ ಐಎಸ್‌ಒ ಏರಿಸಿ, ಬಂದ ನಾಯ್ಸ್ ಅನ್ನು ಸಾಫ್ಟ್‌ವೇರ್‌ನಲ್ಲಿ ಇಳಿಸಿದರು. ಲೆನ್ಸಿಗೆ ಹಾಕಬೇಕಿದ್ದ ಲಕ್ಷಗಳ ಒಂದು ಪಾಲನ್ನು ಎಡಿಟಿಂಗ್ ಉಳಿಸಿಕೊಟ್ಟಿತು. ಎಡಿಟಿಂಗ್ ಬೈಯುವಾಗ ಈ ಕಡೆಯನ್ನೂ ನೋಡಬೇಕು. ಉಳ್ಳವರ ಹವ್ಯಾಸ ಸ್ವಲ್ಪವಾದರೂ ಎಲ್ಲರದ್ದಾದದ್ದು ಅದರಿಂದ.

ಇನ್ನೊಂದು ಉದಾಹರಣೆ. ಮಿಂಚುಳ್ಳಿಯ ಹಿಂದೆ ಕೊಂಬೆಗಳ ಗೋಜಲು. ಹತ್ತು ಲಕ್ಷ ದಾಟುವ 600 ಎಂಎಂ ಎಫ್ 4 ಲೆನ್ಸ್ ಅದನ್ನು ಬೆಣ್ಣೆಯಂತೆ ಕರಗಿಸುತ್ತದೆ. ಆಹಾ, ಎಂಥ ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ. ಅಗ್ಗದ ಲೆನ್ಸಿನವರು ಅದೇ ಗೋಜಲನ್ನು ಕ್ಲೋನ್ ಮಾಡಿ (ಪಕ್ಕದ ಭಾಗವನ್ನು ನಕಲು ಮಾಡಿ ಅದರ ಮೇಲೆ ಹಚ್ಚಿ) ಅಳಿಸಿದರೆ ಸ್ಪರ್ಧೆಯಿಂದ ಹೊರಗೆ. ಆ ನಿಯಮ ಸರಿ ಅಂತಲೇ ನನ್ನ ನಿಲುವು. ಲೆನ್ಸ್ ಇದ್ದ ಕೊಂಬೆಯನ್ನು ಮಸುಕಾಗಿ ತೋರಿಸಿತು, ಕ್ಲೋನ್ ಇಲ್ಲವೇ ಇಲ್ಲ ಅಂದಿತು. ಸಲೂನ್ ಎಂದು ಕರೆಯುವ ಅಂತರರಾಷ್ಟ್ರೀಯ ಫೋಟೋ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಕ್ರಾಪ್ ಬಿಟ್ಟರೆ ತೆಗೆಯುವಂತೆಯೂ ಇಲ್ಲ. ಧೂಳಿನ ಚುಕ್ಕಿ ತೆಗೆಯಬಹುದು, ನಾಯ್ಸ್ ಇಳಿಸಬಹುದು, ಬೆಳಕು ನೆರಳು ತಿದ್ದಬಹುದು. ಬಚ್ಚಲು ಮನೆಯ ಕತ್ತಲೆ ಕೋಣೆಯ ಲಕ್ಷ್ಮಣರೇಖೆಯೂ ಹೆಚ್ಚುಕಡಿಮೆ ಇದೇ ಆಗಿತ್ತು.

ನಂಬಿಕೆ ಮುರಿಯಲು ಎಡಿಟಿಂಗ್ ಬೇಕೇ ಬೇಕು ಅಂತಲೂ ಇಲ್ಲ. ಲಂಡನ್ನಿನ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಬೇಲಿಯ ಗೇಟು ಹಾರುವ ತೋಳದ ಚಿತ್ರಕ್ಕೆ ಬಂದಿತ್ತು. ಮರುವರ್ಷ ಜನವರಿಯಲ್ಲಿ ಅದನ್ನು ವಾಪಸ್ ಪಡೆದರು. ತಕರಾರು ಇದ್ದದ್ದು ಎಡಿಟಿಂಗ್ ಬಗ್ಗೆ ಅಲ್ಲ. ಅದು ಕಾಡಿನ ತೋಳವಲ್ಲ, ಪಳಗಿಸಿದ್ದು ಅಂತ ತೀರ್ಪುಗಾರರಿಗೆ ಅನ್ನಿಸಿತ್ತು. ನಮ್ಮಲ್ಲೂ ಹಾಗೆಯೇ. ಹಿಂದಿನ ತಲೆಮಾರು ಗೂಡಿನ ಪಕ್ಕ ಮರೆ ಕಟ್ಟಿಕೊಂಡು ತೆಗೆದ ಚಿತ್ರಗಳಿಗೆ ದೊಡ್ಡ ಗೌರವ ಇತ್ತು. ಈಗ ಮರಿಗಳಿಗೆ ಅಪಾಯ ಅಂತ ಎಷ್ಟೋ ಸ್ಪರ್ಧೆಗಳು ಗೂಡಿನ ಫೋಟೋ ಮುಟ್ಟುವುದೇ ಇಲ್ಲ. ಫೋಟೋಶಾಪ್ ಬಗ್ಗೆ ಆಗುವಷ್ಟು ಗಲಾಟೆ ಇದರ ಬಗ್ಗೆಯೂ ಆಗಬೇಕು ಅಂತ ನನ್ನ ಆಸೆ.

2023 ಈ ಕಥೆಗೆ ಹೊಸ ತಿರುವು ಕೊಟ್ಟಿತು. ಫೋಟೋಶಾಪ್‌ಗೆ ಬರೆದು ಕೇಳಿದರೆ ಚಿತ್ರ ತುಂಬಿಕೊಡುವ ಸೌಲಭ್ಯ ಬಂತು. ಸ್ಯಾಮ್‌ಸಂಗ್ ಫೋನು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರಕ್ಕೂ ಕುಳಿಗಳನ್ನು ಸೇರಿಸಿಕೊಡುತ್ತದೆ ಅಂತ ಬಳಕೆದಾರರೊಬ್ಬರು ತೋರಿಸಿದರು. ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಎಐನಿಂದ ಮಾಡಿದ ಚಿತ್ರಕ್ಕೆ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಬಂದ ಬಹುಮಾನವನ್ನು ಬೇಡ ಅಂದರು. ಅದೇ ವರ್ಷ ಬಂದ ಲೈಕಾ ಎಂ11-ಪಿ ಕ್ಯಾಮರಾ, ಫೋಟೋ ತೆಗೆದ ಕ್ಷಣದಲ್ಲೇ ಅದಕ್ಕೊಂದು ಡಿಜಿಟಲ್ ಸಹಿ ಹಾಕುತ್ತದೆ. ಅಸಲಿತನಕ್ಕೂ ಈಗ ಗೇರ್ ಬಂದಿದೆ.

ಹವ್ಯಾಸಿಗಳ ನಿಜವಾದ ತಲೆಬಿಸಿ ಇದಕ್ಕಿಂತ ಸಣ್ಣದರಲ್ಲಿದೆ. ಎಐ ಡಿನಾಯ್ಸ್ ಎಂಬ ಒಂದು ಗುಂಡಿ. ಸಂಜೆಗತ್ತಲಲ್ಲಿ ಐಎಸ್‌ಒ 12800ರಲ್ಲಿ ತೆಗೆದ ಗೂಬೆಯ ಚಿತ್ರಕ್ಕೆ ಅದನ್ನು ಒತ್ತಿದರೆ ಎದೆಯ ಗರಿ ಎಳೆ ಎಳೆಯಾಗಿ ಎದ್ದು ಬರುತ್ತದೆ. ಅದರಲ್ಲಿ ಎಷ್ಟು ಎಳೆ ಸೆನ್ಸರ್ ಕಂಡದ್ದು, ಎಷ್ಟು ಎಳೆ ಸಾವಿರಾರು ಚಿತ್ರ ನೋಡಿ ಕಲಿತ ಸಾಫ್ಟ್‌ವೇರ್ ಊಹಿಸಿದ್ದು ಅಂತ ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ‘ನಾಯ್ಸ್ ಇಳಿಸಬಹುದು, ಏನನ್ನೂ ಸೇರಿಸುವಂತಿಲ್ಲ’ ಅನ್ನುವ ಹಳೇ ನಿಯಮದ ಎರಡು ಅರ್ಧಗಳು ಇಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸದ್ಯಕ್ಕೆ ಹಿರಿಯರು ಹೊಸಬರಿಗೆ ಹೇಳುತ್ತಿರುವುದು ಒಂದೇ. ಜಾಗ ಸಾಲದಿದ್ದರೆ ಇನ್ನೊಂದು ಹಾರ್ಡ್ ಡಿಸ್ಕ್ ತನ್ನಿ, ರಾ ಫೈಲ್ ಮಾತ್ರ ಅಳಿಸಬೇಡಿ. ಬಹುಮಾನದ ಹತ್ತಿರ ಹೋದರೆ ಸ್ಪರ್ಧೆಯವರು ಮೊದಲು ಕೇಳುವುದು ಅದನ್ನೇ.