ಚಿಂಪಾಂಜಿಗೆ ಸೋದರಮಾವ ಇರುತ್ತಾನೆಯೇ?

ಪ್ರಶ್ನೆ: ಚಿಂಪಾಂಜಿಯ ಮರಿಗೆ ತಾಯಿ ಮಾತ್ರ ಗೊತ್ತು, ತಂದೆ ಯಾರೆಂದು ತಿಳಿಯದು ಎನ್ನುತ್ತಾರೆ. ಹಾಗಾದರೆ ಅವುಗಳದ್ದೂ ನಮ್ಮ ಅಳಿಯಕಟ್ಟಿನಂಥ ವ್ಯವಸ್ಥೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ತುಳುನಾಡಿನವರಿಗೆ ಈ ಹೋಲಿಕೆ ಹೊಳೆಯುವುದು ಸಹಜ, ಆದರೆ ಅದು ಅರ್ಧದಲ್ಲಿಯೇ ನಿಂತುಬಿಡುತ್ತದೆ. ಅಳಿಯಕಟ್ಟಿನಲ್ಲಿ ಬಳಿಯೂ (ಕುಲ) ಆಸ್ತಿಯೂ ತಾಯಿಯ ಕಡೆಯಿಂದ ಬರುತ್ತಿದ್ದವು, ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದಾಗಿತ್ತು. ಚಿಂಪಾಂಜಿಗಳಲ್ಲಿ ಗಂಡು ಹುಟ್ಟಿದ ಗುಂಪಿನಲ್ಲಿಯೇ ಉಳಿಯುತ್ತದೆ, ಹೆಣ್ಣು ಹರೆಯಕ್ಕೆ ಬಂದಾಗ ಹೆಚ್ಚಾಗಿ ಬೇರೆ ಗುಂಪನ್ನು ಸೇರಿ ಅಲ್ಲಿಯೇ ಹೆರುತ್ತದೆ. ಆದ್ದರಿಂದ ಮರಿಗೆ ತಾಯಿಯ ಅಣ್ಣತಮ್ಮಂದಿರ ಮುಖ ನೋಡುವ ಅವಕಾಶವೇ ಸಿಗುವುದಿಲ್ಲ.

ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿ ಸಂಶೋಧಕಿ ಜೇನ್ ಗುಡಾಲ್ 1960ರಿಂದ ಗಮನಿಸಿದ ಫ್ಲೋ ಎಂಬ ಹೆಣ್ಣಿನ ಸಂಸಾರ ಇದಕ್ಕೊಂದು ಅಪವಾದ. ಅದರ ಮಗಳು ಫಿಫಿ ಗುಂಪು ಬಿಟ್ಟು ಹೋಗಲಿಲ್ಲವಾದ್ದರಿಂದ, ಫಿಫಿಯ ಮಗ ಫ್ರಾಯ್ಡ್‌ಗೆ ಫಿಗನ್ ಎಂಬ ಸೋದರಮಾವ ಒದಗಿದ. ಆ ಫಿಗನ್ ತನ್ನ ಅಣ್ಣ ಫಾಬೆನ್‌ನ ಬೆಂಬಲದಿಂದ ಗುಂಪಿನ ಮುಖಂಡನಾದವನು. ಇದೇ ಸಂಸಾರದ ಕಿರಿಯ ಮಗ ಫ್ಲಿಂಟ್, ಎಂಟು ವರ್ಷವಾದರೂ ತಾಯಿಯ ಬೆನ್ನು ಬಿಡದೆ, ರಾತ್ರಿ ಅದೇ ಎಲೆಗೂಡಿನಲ್ಲಿ ಮಲಗುತ್ತಿದ್ದ. 1972ರಲ್ಲಿ ಫ್ಲೋ ಸತ್ತ ಕೆಲವೇ ವಾರಗಳಲ್ಲಿ ಅನ್ನಾಹಾರ ಬಿಟ್ಟು ತಾನೂ ತೀರಿಕೊಂಡ.

ತಂದೆಯ ಕಡೆಯ ನಂಟು ಲೆಕ್ಕಕ್ಕೇ ಇಲ್ಲವೇ? ಉಗಾಂಡಾದ ಎನ್‌ಗೊಗೊ ಎಂಬ ಕಾಡುಪ್ರದೇಶದ ಚಿಂಪಾಂಜಿಗಳಲ್ಲಿ ಸಂಶೋಧಕರು ಲದ್ದಿಯಿಂದ ಡಿಎನ್‌ಎ ತೆಗೆದು ಸಂಬಂಧಗಳನ್ನು ಗುರುತಿಸಿದಾಗ, ಒಂದೇ ತಾಯಿಯ ಗಂಡುಗಳು ಪರಸ್ಪರ ಮೈ ಹೆಕ್ಕುವುದರಲ್ಲಿಯೂ ಜಗಳದಲ್ಲಿ ಪಕ್ಷ ವಹಿಸುವುದರಲ್ಲಿಯೂ ಮುಂದಿದ್ದವು. ತಂದೆ ಮಾತ್ರ ಒಂದೇ ಆದ ಗಂಡುಗಳ ನಡುವೆ ಅಂಥ ಒಲವು ಕಾಣಲಿಲ್ಲ. ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆಯೇ: ಒಗ್ಗಟ್ಟಿನಿಂದಿದ್ದ ಜೋಡಿಗಳಲ್ಲಿ ಹೆಚ್ಚಿನವು ಹತ್ತಿರದ ರಕ್ತಸಂಬಂಧಿಗಳೇ ಆಗಿರಲಿಲ್ಲ.

ಚಿಂಪಾಂಜಿಯ ಹತ್ತಿರದ ಬಂಧುಗಳಾದ ಬೊನೊಬೊ ವಾನರಗಳಲ್ಲಿಯೂ ಗುಂಪು ಬಿಡುವುದು ಹೆಣ್ಣೇ, ಆದರೆ ಅಲ್ಲಿ ತಾಯಿಯ ಮಾತು ನಡೆಯುತ್ತದೆ. ಮಗ ಹೆಣ್ಣಿನೊಡನೆ ಇರುವಾಗ ಬೇರೆ ಗಂಡುಗಳು ನುಗ್ಗಿದರೆ ತಾಯಿಯೇ ಅವನ್ನು ಓಡಿಸುತ್ತದೆ. ತಾಯಿ ಗುಂಪಿನಲ್ಲಿರುವ ಗಂಡುಗಳು ಮರಿಗಳ ತಂದೆಯಾಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು 2019ರ ಅಧ್ಯಯನವೊಂದು ತೋರಿಸಿತು.

ಅಳಿಯಕಟ್ಟಿಗೆ ತುಸು ಹತ್ತಿರದ ಏರ್ಪಾಡನ್ನು ನೋಡಲು ಆಫ್ರಿಕಾದವರೆಗೆ ಹೋಗಬೇಕಿಲ್ಲ. ನಮ್ಮ ಹೆಂಚಿನ ಮಾಡಿನ ಮೇಲೆ ಸಾಲಾಗಿ ಕುಳಿತು ಒಂದರ ತಲೆಯನ್ನು ಇನ್ನೊಂದು ಹೆಕ್ಕುವ ಮಂಗಗಳಲ್ಲಿ ಅಜ್ಜಿ, ತಾಯಿ, ಮಗಳು ಮೂವರೂ ಒಂದೇ ಗುಂಪಿನಲ್ಲಿ ಉಳಿಯುತ್ತವೆ. ಆದರೆ ಅಲ್ಲಿ ಪ್ರಾಯಕ್ಕೆ ಬಂದ ಗಂಡು ಹೆಚ್ಚಾಗಿ ಗುಂಪು ಬಿಟ್ಟು ಹೋಗುವುದರಿಂದ, ಯಜಮಾನಿಕೆ ನಡೆಸಲು ಮಾವನೇ ಇರುವುದಿಲ್ಲ.