ನೋಟು ಉಜ್ಜಿದರೆ ಬಣ್ಣ ಹತ್ತುತ್ತೆ, ಇದು ಖೋಟಾನಾ?

ಪ್ರಶ್ನೆ: ನಮ್ಮದು ದಿನಸಿ ಅಂಗಡಿ. ಗಿರಾಕಿಯೊಬ್ಬರು ಕೊಟ್ಟ ಗರಿಗರಿ 500ರ ನೋಟನ್ನು ಸುಮ್ನೆ ಬಿಳಿ ಹಾಳೆ ಮೇಲೆ ಉಜ್ಜಿ ನೋಡಿದೆ. ಹಾಳೆಗೆ ತೆಳುವಾಗಿ ಬಣ್ಣ ಹತ್ತಿತು. ಬಣ್ಣ ಬಿಡುವ ನೋಟು ಖೋಟಾ ಅಲ್ವಾ?

ಉತ್ತರ: ಅಲ್ಲ. ಬಣ್ಣ ಹತ್ತಿತು ಅನ್ನುವ ಒಂದೇ ಕಾರಣಕ್ಕೆ ಅದನ್ನು ಖೋಟಾ ಅನ್ನುವಂತಿಲ್ಲ. ಹೊಸ ನೋಟು ಅಸಲಿಯಾಗಿದ್ದರೂ ಒಂಚೂರು ಬಣ್ಣ ಬಿಡುತ್ತದೆ. 2016ರ ನವೆಂಬರಿನಲ್ಲಿ 2000ದ ನೋಟು ಬಂದಾಗಲೂ ಇದೇ ಗಲಾಟೆ ಎದ್ದಿತ್ತು. ಆಗ ಕೇಂದ್ರದ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿಯಾಗಿದ್ದವರು ಶಕ್ತಿಕಾಂತ ದಾಸ್. ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಅಸಲಿ ನೋಟು ಸ್ವಲ್ಪ ಬಣ್ಣ ಬಿಟ್ಟೇ ಬಿಡುತ್ತದೆ ಎಂದು ಅವರೇ ಜನರಿಗೆ ಹೇಳಬೇಕಾಯಿತು.

ಕಾರಣ ಇರುವುದು ನೋಟನ್ನು ಅಚ್ಚು ಹಾಕುವ ರೀತಿಯಲ್ಲಿ. ಇದಕ್ಕೆ ಇಂಟಾಗ್ಲಿಯೊ ಮುದ್ರಣ ಎನ್ನುತ್ತಾರೆ. ರಬ್ಬರ್ ಸ್ಟಾಂಪಿನಲ್ಲಿ ಎದ್ದು ನಿಂತ ಭಾಗಕ್ಕೆ ಇಂಕು ಹತ್ತುತ್ತದೆ. ಇಲ್ಲಿ ಅದರ ಉಲ್ಟಾ. ಲೋಹದ ತಗಡಿನಲ್ಲಿ ಚಿತ್ರವನ್ನು ಗೆರೆ ಗೆರೆಯಾಗಿ ಕೊರೆದಿರುತ್ತಾರೆ. ಮಂದ ಇಂಕನ್ನು ಬಳಿದು, ಮೇಲ್ಮೈಯನ್ನು ಪೂರ್ತಿ ಒರೆಸಿಬಿಡುತ್ತಾರೆ. ಇಂಕು ಉಳಿಯುವುದು ಕೊರೆದ ಗೆರೆಗಳ ಒಳಗೆ ಮಾತ್ರ. ಆಮೇಲೆ ಕಾಗದವನ್ನು ಇಟ್ಟು ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಕಾಗದ ಆ ಗೆರೆಗಳೊಳಗೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವಾಗ ನೋಡಿಲ್ವೇ, ಮರದ ಅಚ್ಚಿನಲ್ಲಿ ತಗ್ಗಾಗಿದ್ದದ್ದು ಸಕ್ಕರೆಯಲ್ಲಿ ಉಬ್ಬಾಗಿ ಬರುತ್ತದೆ, ಹಾಗೆ.

ಹೀಗೆ ಬಂದ ಗೆರೆಗೆ ಎತ್ತರವಿರುತ್ತದೆ. ಇಂಕು ಕಾಗದದೊಳಗೆ ಪೂರ್ತಿ ಇಂಗಿರುವುದಿಲ್ಲ, ದಪ್ಪನೆಯ ಪದರವಾಗಿ ಮೇಲೆ ಕೂತಿರುತ್ತದೆ. ನೀವು ಉಜ್ಜಿದಾಗ ಹಾಳೆಗೆ ಹತ್ತಿದ್ದು ಆ ಪದರದ ತುದಿ. ಆದರೆ ಒಂದು ಎಚ್ಚರ. ಒಣ ಹಾಳೆಗೆ ಹತ್ತುವುದು ಬೇರೆ, ಒದ್ದೆ ಬೆರಳಿಗೆ ಬಣ್ಣ ಕದಡಿ ಹರಡುವುದು ಬೇರೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನೋಟಿನ ಇಂಕು ಸಾಮಾನ್ಯವಾಗಿ ನೀರಿಗೆ ಕರಗುತ್ತದೆ. ಹಾಗಾಗಿ ಉಜ್ಜಿ ನೋಡುವ ಪರೀಕ್ಷೆಯನ್ನೇ ನಂಬಿಕೊಂಡು ವ್ಯಾಪಾರ ಮಾಡಬೇಡಿ ಅಂತಲೇ ನಾನು ಹೇಳುವುದು. ಉಜ್ಜುವುದಕ್ಕಿಂತ ಮುಟ್ಟುವುದು ವಾಸಿ.

500ರ ನೋಟಿನಲ್ಲಿ ಗಾಂಧೀಜಿ ಚಿತ್ರ, ಅಶೋಕ ಸ್ತಂಭ, ಎಡ ಬಲ ಅಂಚಿನಲ್ಲಿರುವ ಐದೈದು ಓರೆ ಗೆರೆ, ಬಲಗಡೆಯ ಚಿಕ್ಕ ವೃತ್ತ ಇವೆಲ್ಲ ಉಬ್ಬು ಮುದ್ರಣ. ಉಗುರು ಅಡ್ಡಡ್ಡ ಆಡಿಸಿದರೆ ತಡೆದಂತೆ ಆಗಬೇಕು. 100ರ ನೋಟಿನಲ್ಲಿ ವೃತ್ತದ ಬದಲು ತ್ರಿಕೋನ, ಅಂಚಿನಲ್ಲಿ ನಾಲ್ಕು ಗೆರೆ. ಕಣ್ಣು ಕಾಣದವರು ನೋಟು ಗುರುತಿಸಲಿ ಅಂತ ಇಟ್ಟ ಗುರುತುಗಳಿವು, ಕಳ್ಳನೋಟು ಹಿಡಿಯಲೂ ಒದಗುತ್ತವೆ. ಆದರೆ ಈ ಉಬ್ಬು ಗುರುತು ಇರುವುದು 100 ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳಲ್ಲಿ ಮಾತ್ರ. 20ರ ನೋಟು ನುಣ್ಣಗಿದೆ ಅಂತ ಗಿರಾಕಿ ಜೊತೆ ಜಗಳಕ್ಕೆ ಬೀಳಬೇಡಿ! ಬಹಳ ಕೈ ಬದಲಾಯಿಸಿದ ನೋಟಿನಲ್ಲೂ ಉಬ್ಬು ಸವೆದಿರುತ್ತದೆ.

ನೋಟು ನಕಲು ಮಾಡಲು ಬಳಸುವ ಸ್ಕ್ಯಾನರ್ ಸೋಲುವುದು ಇಲ್ಲೇ. ಅದು ಬಣ್ಣ ನೋಡುತ್ತದೆ, ಎತ್ತರ ನೋಡುವುದಿಲ್ಲ. ಬಣ್ಣವನ್ನೂ ಇದ್ದ ಹಾಗೆ ತರುವುದಿಲ್ಲ. ಸಾಮಾನ್ಯ ಪ್ರಿಂಟರ್ ನಾಲ್ಕು ಬಣ್ಣಗಳ ಚುಕ್ಕೆ ಬೆರೆಸಿ ಎಲ್ಲ ಬಣ್ಣ ತೋರಿಸುತ್ತದೆ. ಅಸಲಿ ನೋಟಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಕಡಿಯದ ಒಂದೇ ಗೆರೆ. ನಕಲಿನಲ್ಲಿ ಅದೇ ಜಾಗ ಚುಕ್ಕೆಗಳ ರಾಶಿ. ಸೂಕ್ಷ್ಮ ಅಕ್ಷರದಲ್ಲಿ ಬರೆದ ‘ಇಂಡಿಯಾ’ ಓದಲಾಗದೆ ಕಲಸಿಹೋಗಿರುತ್ತದೆ. ಇನ್ನೊಂದು ಚೆಂದದ ಕೈಚಳಕ ಇದೆ. ನೋಟನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಅಡಗಿದ್ದ 500 ಅಂಕಿ ಕಾಣುತ್ತದೆ. ಅಂಕಿಯ ಗೆರೆಗಳನ್ನು ಒಂದು ದಿಕ್ಕಿಗೂ ಸುತ್ತಲಿನ ಗೆರೆಗಳನ್ನು ಇನ್ನೊಂದು ದಿಕ್ಕಿಗೂ ಎಬ್ಬಿಸಿರುತ್ತಾರೆ. ನೇರ ನೋಡಿದರೆ ಎರಡೂ ಒಂದೇ ಬಣ್ಣ. ಓರೆಯಾಗಿ ನೋಡಿದಾಗ ಉಬ್ಬುಗೆರೆಗಳು ಬೆಳಕನ್ನು ಬೇರೆ ಬೇರೆ ಥರ ತಡೆದು ಅಂಕಿ ಏಳುತ್ತದೆ. ಉಬ್ಬೇ ಇಲ್ಲದ ನಕಲಿನಲ್ಲಿ ಈ ಆಟ ನಡೆಯುವುದಿಲ್ಲ.

ಹಾಗಂತ ಕೊರೆದ ಅಚ್ಚು ಇದ್ದ ಮಾತ್ರಕ್ಕೆ ಖೋಟಾ ನಿಲ್ಲುವುದಿಲ್ಲ. ಇದನ್ನು ಬ್ರಿಟನ್ ಬಹಳ ಕೆಟ್ಟ ರೀತಿಯಲ್ಲಿ ಕಲಿಯಿತು. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, 1 ಮತ್ತು 2 ಪೌಂಡಿನ ಚಿಲ್ಲರೆ ನೋಟು ಹೊರಡಿಸಿತು. ಅವೂ ತಾಮ್ರದ ತಗಡಿನಲ್ಲಿ ಕೊರೆದವೇ. ಆದರೆ ಇದ್ದದ್ದು ಬಹುಪಾಲು ಬರೀ ಬರಹ. ಅಷ್ಟು ಕೊರೆಯಬಲ್ಲ ಕುಶಲಕರ್ಮಿಗಳು ಆಗ ಬೇಕಾದಷ್ಟು ಜನ ಇದ್ದರು. ಖೋಟಾ ನೋಟು ಹರಿದಾಡಿತು. ಮುಂದಿನ ಕಾಲು ಶತಮಾನದೊಳಗೆ 300ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಅನೇಕರು ನೋಟು ಮಾಡಿದವರಲ್ಲ, ಕೈಯಲ್ಲಿದ್ದದ್ದನ್ನು ಚಲಾಯಿಸಿದ ಬಡವರು. ಹಗ್ಗಕ್ಕೆ ಇದ್ದ ಆತುರ ಅಚ್ಚನ್ನು ಸುಧಾರಿಸುವುದರಲ್ಲಿ ಇರಲಿಲ್ಲ ಅನ್ನಿಸುತ್ತದೆ.

ತಾಮ್ರದ ಇನ್ನೊಂದು ತೊಂದರೆ, ಅದು ಮೆದು. ಬೇಗ ಸವೆಯುತ್ತದೆ. ಮತ್ತೆ ಕೈಯಲ್ಲಿ ಹೊಸ ತಗಡು ಕೊರೆದರೆ ಅದು ಹಳೆಯದರ ಹಾಗೇ ಇರುವುದಿಲ್ಲ. ಅಸಲಿ ನೋಟುಗಳೇ ಒಂದಕ್ಕೊಂದು ಹೋಲದಿದ್ದರೆ ಜನ ಖೋಟಾ ಗುರುತಿಸುವುದಾದರೂ ಹೇಗೆ? ಇದಕ್ಕೆ ದಾರಿ ತೋರಿಸಿದವನು ಅಮೆರಿಕದ ಜೇಕಬ್ ಪರ್ಕಿನ್ಸ್. ಮೆದು ಮಾಡಿದ ಉಕ್ಕಿನಲ್ಲಿ ಒಮ್ಮೆ ಕೊರೆದು, ಅದನ್ನು ಗಟ್ಟಿ ಮಾಡಿ, ಉರುಳೆಯ ಮೂಲಕ ಅದೇ ಚಿತ್ರವನ್ನು ಎಷ್ಟು ತಗಡಿಗೆ ಬೇಕಾದರೂ ಇಳಿಸುವ ವಿಧಾನ ಅವನದು. 1819ರಲ್ಲಿ ಅವನು ಅದನ್ನು ಹೊತ್ತು ಲಂಡನ್ನಿಗೆ ಬಂದ. ಬ್ಯಾಂಕ್ ಒಪ್ಪಲಿಲ್ಲ. ಆದರೆ ಅವನು ಕಟ್ಟಿದ ಕಂಪನಿಯೇ 1840ರಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಮುದ್ರಿಸಿತು. ಅದರಲ್ಲಿದ್ದದ್ದು ರಾಣಿ ವಿಕ್ಟೋರಿಯಾಳ ಮುಖ. ನೋಟಿನ ಮೇಲೂ ಮುಖ ಹಾಕುವುದಕ್ಕೆ ಗೌರವವೊಂದೇ ಕಾರಣ ಅಲ್ಲ. ಹೂಬಳ್ಳಿಯಲ್ಲಿ ಒಂದು ಗೆರೆ ಸರಿದರೆ ನಮಗೆ ಗೊತ್ತಾಗುವುದಿಲ್ಲ. ಗೊತ್ತಿರುವ ಮುಖದಲ್ಲಿ ತುಟಿಯ ಗೆರೆ ಕೂದಲೆಳೆಯಷ್ಟು ಸರಿದರೂ ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ.

ನಮ್ಮಲ್ಲಿ ನೋಟು ಮುದ್ರಣ ಶುರುವಾದದ್ದು ನಾಸಿಕ್‌ನಲ್ಲಿ, 1928ರಲ್ಲಿ. 1996ರಿಂದ ಮೈಸೂರಿನಲ್ಲೂ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಮುದ್ರಣಾಲಯ ಇದೆ. ನೋಟಿನ ಹತ್ತಿ ಕಾಗದದ ಕಾರ್ಖಾನೆಯೂ ಅದೇ ಊರಿನಲ್ಲಿದೆ. 2022ರಲ್ಲಿ ‘ವರ್ಣಿಕಾ’ ಎಂಬ ಇಂಕು ತಯಾರಿಕಾ ಘಟಕವನ್ನೂ ಅಲ್ಲಿ ಉದ್ಘಾಟಿಸಿದರು. ಉದ್ಘಾಟಿಸಿದ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಬೇರೆ ಯಾರೂ ಅಲ್ಲ, ‘ಬಣ್ಣ ಬಿಡುತ್ತದೆ’ ಎಂದು ವಿವರಿಸಿದ್ದ ಅದೇ ಶಕ್ತಿಕಾಂತ ದಾಸ್!

ಇನ್ನು ನಿಮ್ಮ ಗಲ್ಲಾಪೆಟ್ಟಿಗೆಯ ವಿಷಯ. ಅನುಮಾನ ಬಂದರೆ ಮೊದಲು ಉಬ್ಬು ಗೆರೆ ಮುಟ್ಟಿ. ಆಮೇಲೆ ನೋಟನ್ನು ಓರೆ ಮಾಡಿ, ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಜಲಚಿಹ್ನೆ ಕಾಣಬೇಕು. ಮೂರೂ ಕೈಕೊಟ್ಟರೆ ಬ್ಯಾಂಕಿಗೆ ಒಯ್ಯಿರಿ. ಖೋಟಾ ಎಂದಾದರೆ ಅವರು ಅದರ ಮೇಲೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ, ಸ್ವೀಕೃತಿ ರಸೀದಿ ಕೊಡುತ್ತಾರೆ, ಹಣ ಮಾತ್ರ ಕೊಡುವುದಿಲ್ಲ. ಒಂದೇ ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ತಿಳಿಸುತ್ತಾರೆ. ಐದು ಅಥವಾ ಹೆಚ್ಚು ಸಿಕ್ಕರೆ ತಕ್ಷಣ ದೂರು. 500 ರೂಪಾಯಿ ಹೋಯ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಗೊತ್ತಿದ್ದೂ ಇನ್ನೊಬ್ಬರಿಗೆ ದಾಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.